ಎಫ್‌ಎಂ ರೇಟಿಂಗ್: ಕಾಲು ಗಂಟೆಯ ಲೆಕ್ಕ

‘ನಾವೇ ನಂಬರ್ ಒನ್’ ಅಂತ ಬೆಂಗಳೂರಿನ ಮೂರು ಎಫ್‌ಎಂ ಸ್ಟೇಷನ್‌ಗಳು ಒಂದೇ ವಾರ ಹೇಳಿಕೊಂಡರೂ ಮೂರೂ ನಿಜವೇ ಇರಬಹುದು. ಒಂದು ತೋರಿಸುತ್ತಿರುವುದು ರೀಚ್, ಅಂದರೆ ವಾರದಲ್ಲಿ ಒಮ್ಮೆಯಾದರೂ ಕಿವಿಗೊಟ್ಟವರ ಎಣಿಕೆ. ಇನ್ನೊಂದರದ್ದು ಷೇರ್: ಊರಿನಲ್ಲಿ ರೇಡಿಯೋ ಕೇಳಿದ ಒಟ್ಟು ಹೊತ್ತಿನಲ್ಲಿ ತನ್ನ ಪಾಲು. ಮೂರನೆಯದು ಬೆಳಗಿನ ಶೋ ಒಂದನ್ನೇ, ಅದೂ ಒಂದು ವಯಸ್ಸಿನವರದ್ದನ್ನೇ ಕತ್ತರಿಸಿ ತೋರಿಸುತ್ತಿರುತ್ತದೆ.

ರೀಚ್‌ಗೂ ಷೇರ್‌ಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಒಂದು ಸ್ಟೇಷನ್‌ಗೆ 100 ಕೇಳುಗರು, ಒಬ್ಬೊಬ್ಬರು ದಿನಕ್ಕೆ ಕಾಲು ಗಂಟೆಯ 4 ತುಂಡು ಕೇಳುತ್ತಾರೆ ಎಂದಿಟ್ಟುಕೊಳ್ಳಿ: ಒಟ್ಟು 400 ತುಂಡು. ಇನ್ನೊಂದಕ್ಕೆ 160 ಕೇಳುಗರು, ತಲಾ 2 ತುಂಡು: 320. ಷೇರ್‌ನಲ್ಲಿ ಮೊದಲನೆಯದು ಮುಂದೆ, ರೀಚ್‌ನಲ್ಲಿ ಎರಡನೆಯದು. ಭಾನುವಾರದ ಸೇಲ್ ಬಗ್ಗೆ ಹೆಚ್ಚು ಜನಕ್ಕೆ ಒಮ್ಮೆ ತಿಳಿದರೆ ಸಾಕು ಎನ್ನುವ ಅಂಗಡಿಗೆ ಎರಡನೆಯದೇ ಸರಿ.

ಈ ಕಾಲು ಗಂಟೆ ಬಂದದ್ದು ಡೈರಿಯಿಂದ. ಟ್ಯಾಮ್ ಮೀಡಿಯಾ ರಿಸರ್ಚ್ ಸಂಸ್ಥೆ ರೇಡಿಯೋ ಕೇಳುಗರನ್ನು ಅಳೆಯಲು 2007ರಲ್ಲಿ ಶುರುಮಾಡಿದ ರ್‍ಯಾಮ್ ಸಮೀಕ್ಷೆಯಲ್ಲಿ ದಿಲ್ಲಿ, ಮುಂಬೈ, ಬೆಂಗಳೂರು, ಆಮೇಲೆ ಕೋಲ್ಕತ್ತ ಸೇರಿದವು. ಊರಿಗೆ 480 ಜನ, 12 ವರ್ಷ ದಾಟಿದವರು. ಯಾವ ಹೊತ್ತಿಗೆ ಯಾವ ಸ್ಟೇಷನ್ ಕೇಳಿದೆವು ಎಂದು ಡೈರಿಯ 15 ನಿಮಿಷದ ಮನೆಗಳಲ್ಲಿ (ಚೌಕಗಳಲ್ಲಿ) ಅವರೇ ತುಂಬಬೇಕಿತ್ತು. ಕೇಳುವಾಗಲೇ ಯಾರು ಬರೆಯುತ್ತಾರೆ? ರಾತ್ರಿ ಊಟವಾದ ಮೇಲೆ ನೆನಪಿನಿಂದ ಬರೆಯುತ್ತಾರೆ. ಕೆಲವರು ವಾರದ ಕೊನೆಗೆ ಒಟ್ಟಿಗೆ ಗೀಚುತ್ತಾರೆ. ಹಾಗಾಗಿ ಡೈರಿ ಅಳೆಯುವುದು ಕಿವಿಗೆ ಬಿದ್ದದ್ದನ್ನಲ್ಲ, ನೆನಪಿನಲ್ಲಿ ಉಳಿದದ್ದನ್ನು. ಸಲೂನ್‌ನಲ್ಲೋ ಆಟೋದಲ್ಲೋ ಅರ್ಧ ಗಂಟೆ ಕೇಳಿದ ಸ್ಟೇಷನ್ ಹೆಸರು ಗೊತ್ತಿಲ್ಲದಿದ್ದರೆ ಆ ಅರ್ಧ ಗಂಟೆ ಯಾರ ಖಾತೆಗೂ ಬೀಳುವುದಿಲ್ಲ. 91.1 ಮತ್ತು 91.9 ಅದಲುಬದಲಾಗಬಹುದು. ಬರೀ ‘ಆಕಾಶವಾಣಿ’ ಎಂದು ಬರೆದರೆ 101.3ರ ರೇನ್‌ಬೋ ಎನ್ನುವುದೋ, 102.9ರ ವಿವಿಧ ಭಾರತಿ ಎನ್ನುವುದೋ? ಆರ್‌ಜೆಗಳು ಬಾಯಿ ತೆರೆದಾಗಲೆಲ್ಲ ಫ್ರೀಕ್ವೆನ್ಸಿ ಜಪಿಸುವುದು ಇದಕ್ಕೇ. ಕೇಳುಗರಿಗೆ ಕಿರಿಕಿರಿ, ಆದರೆ ಬಿಟ್ಟರೆ ನಷ್ಟ.

ಜಾಹೀರಾತನ್ನು ಯಾವ ನಿಮಿಷಕ್ಕೆ ಹಾಕಬೇಕು ಎಂಬುದನ್ನೂ ಈ ಮನೆಗಳೇ ತೀರ್ಮಾನಿಸುತ್ತವೆ. ಅಮೆರಿಕದಲ್ಲಿ ಕಾಲು ಗಂಟೆಯೊಳಗೆ 5 ನಿಮಿಷ ಕೇಳಿದರೆ ಇಡೀ ಕಾಲು ಗಂಟೆ ಲೆಕ್ಕಕ್ಕೆ ಬರುತ್ತಿತ್ತು. 8 ಗಂಟೆಗೆ ರೇಡಿಯೋ ಹಾಕಿದವರನ್ನು 8:20ರವರೆಗೆ ಹಾಡಿನಲ್ಲಿ ಹಿಡಿದಿಟ್ಟರೆ ಎರಡು ಮನೆ ಸಿಕ್ಕವು. ಆಮೇಲೆ ಬ್ರೇಕ್‌ನಲ್ಲಿ ಎದ್ದುಹೋದರೂ ಚಿಂತೆಯಿಲ್ಲ. ಬ್ರೇಕ್ 8:17ಕ್ಕೇ ಬಂದು ಅವರು ಸ್ಟೇಷನ್ ಬದಲಿಸಿದರೆ ಸಿಕ್ಕುವುದು ಒಂದೇ. ಬ್ರೇಕ್‌ಗಳು 20ನೇ ಮತ್ತು 50ನೇ ನಿಮಿಷಕ್ಕೆ ಬಂದು ಕೂತದ್ದರ ಹಿಂದಿನ ಗಣಿತ ಇದು. 2025ರ ಜನವರಿಯಲ್ಲಿ ಅಲ್ಲಿನ ಅಳತೆ ಸಂಸ್ಥೆ ನೀಲ್ಸನ್, ಕೇಳಿದ್ದನ್ನು ತಾನಾಗಿ ದಾಖಲಿಸುವ ತನ್ನ ಮೀಟರ್ ಇರುವ ಊರುಗಳಲ್ಲಿ ಈ ಮಿತಿಯನ್ನು 3 ನಿಮಿಷಕ್ಕೆ ಇಳಿಸಿದ್ದರಿಂದ ಅಲ್ಲಿ 18 ಮತ್ತು 48 ಕೂಡ ನಡೆಯುತ್ತದೆ. ಆ 20–50ರ ಕ್ಲಾಕನ್ನು (ಗಂಟೆಯೊಳಗಿನ ವೇಳಾಪಟ್ಟಿಯನ್ನು) ನಮ್ಮಲ್ಲಿ ಕಣ್ಣುಮುಚ್ಚಿ ನಕಲು ಮಾಡುವುದು ತಪ್ಪು. ಡೈರಿ ಬರೆಯುವವರು ನಿಮಿಷ ನೋಡಿಕೊಂಡು ಕೂರುವುದಿಲ್ಲ. ಇಲ್ಲಿ ಲಾಭವಿರುವುದು ಮನೆಯಿಂದ ಮನೆಗೆ ದಾಟುವ 00, 15, 30, 45ರ ಸುತ್ತ ಬ್ರೇಕ್ ಬೀಳದಂತೆ ನೋಡಿಕೊಳ್ಳುವುದರಲ್ಲಿ.

ಹಾಡಿನ ಸರದಿಯಲ್ಲಿ ಇದಕ್ಕಿಂತ ಹೆಚ್ಚು ಎಡವುತ್ತಾರೆ. ಹೊಸ ಹಿಟ್‌ಗಳ ಗುಂಪಿನಲ್ಲಿ 8 ಹಾಡು, ಗಂಟೆಗೆ 3 ಎಂದಿಟ್ಟರೆ ದಿನಕ್ಕೆ 72 ಜಾಗ. 72ನ್ನು 8ರಿಂದ ಭಾಗಿಸಿದರೆ ಶೇಷ ಉಳಿಯದು. ಹಾಗಾದರೆ ಇವತ್ತು ಬೆಳಿಗ್ಗೆ 8:10ಕ್ಕೆ ಬಂದ ಹಾಡು ನಾಳೆಯೂ 8:10ಕ್ಕೇ. ದಿನವೂ ಅದೇ ಹೊತ್ತಿಗೆ ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಕೊಳ್ಳುವವರಿಗೆ ಮೂರೇ ದಿನಕ್ಕೆ ಸಾಕಾಗುತ್ತದೆ, ‘ಇವರ ಹತ್ತಿರ ಇರುವುದೇ ನಾಲ್ಕು ಹಾಡು’ ಎನ್ನುತ್ತಾರೆ. ಒಂದು ಹಾಡು ತೆಗೆದು 7 ಮಾಡಿ: ಶೇಷ 2 ಉಳಿಯುತ್ತದೆ, ಸರದಿ ದಿನದಿನವೂ ಜರುಗುತ್ತದೆ. ಪಟ್ಟಿ ಚಿಕ್ಕದಾದರೂ ದೊಡ್ಡದಾಗಿ ಕೇಳಿಸುತ್ತದೆ.

ಎಲ್ಲ ಸ್ಟೇಷನ್‌ಗಳೂ ಒಂದೇ ಥರ ಕೇಳಿಸುತ್ತವೆ ಎಂಬ ದೂರಿನ ಬೇರು ಬೇರೆ ಕಡೆ ಇದೆ. ಖಾಸಗಿ ಎಫ್‌ಎಂ ತನ್ನದೇ ಸುದ್ದಿ ಕೊಡುವಂತಿಲ್ಲ, ಆಕಾಶವಾಣಿಯದ್ದನ್ನು ಇದ್ದಂತೆ ಹಾಕಬಹುದು ಅಷ್ಟೇ. ಸುದ್ದಿ–ಚರ್ಚೆಯ ಫಾರ್ಮ್ಯಾಟ್ ಅಲ್ಲಿಗೆ ಮುಗಿಯಿತು. ಲೈಸೆನ್ಸ್ ಶುಲ್ಕ ಒಟ್ಟು ಆದಾಯದ ಶೇ 4. ಖಾಸಗಿ ಎಫ್‌ಎಂ ಹರಾಜಿನ ಮೂರನೇ ಹಂತದ ನಿಯಮದಂತೆ ಅದಕ್ಕೆ ಊರಿನ ಹರಾಜು ಬೆಲೆಗೆ ಕಟ್ಟಿದ ಕನಿಷ್ಠ ಮಿತಿ ಬೇರೆ. ಗಜಲ್ ಹಾಕಿದರೂ ಐಟಂ ಸಾಂಗ್ ಹಾಕಿದರೂ ಆ ಕನಿಷ್ಠ ತಪ್ಪದು. ಆಗ ಎಲ್ಲರೂ ಓಡುವುದು ಹೊಸ ಸಿನಿಮಾ ಹಾಡಿನ ಕಡೆಗೇ. ಆ ಕೇಳುಗರು ಊರಿನಲ್ಲಿ ಶೇ 60 ಇದ್ದು ಐದು ಸ್ಟೇಷನ್ ಹಂಚಿಕೊಂಡರೆ ತಲಾ 12. ಶೇ 15ರ ಚಿಕ್ಕ ಗುಂಪನ್ನು ಒಬ್ಬರೇ ಹಿಡಿದರೆ 15. ಈ ಅಂಕಿಗಳು ಬರೀ ಉದಾಹರಣೆಗೆ. ಆದರೆ ಬೆಂಗಳೂರಿನಲ್ಲಿ ಇಂಗ್ಲಿಷ್ ಹಾಡಿನ ರೇಡಿಯೋ ಇಂಡಿಗೋ ನಿಂತ ನೆಲ ಇಂಥದ್ದೇ.

480 ಜನರ ಸಮೀಕ್ಷೆಯಲ್ಲಿ ರೀಚ್ ಶೇ 20 ಎಂದು ಬಂದರೆ ನಿಜವಾದದ್ದು ಸುಮಾರು 16.4ರಿಂದ 23.6ರ ನಡುವೆ ಎಲ್ಲಾದರೂ ಇರಬಹುದು. ಅದರಲ್ಲಿ 120 ಯುವಕರನ್ನಷ್ಟೇ ಬೇರೆ ತೆಗೆದರೆ ಈ ಅಂತರ ಇಮ್ಮಡಿಯಾಗುತ್ತದೆ. ಒಂದು ವಾರದಲ್ಲಿ ಒಂದೂವರೆ ಅಂಶ ಇಳಿಯಿತೆಂದು ಆರ್‌ಜೆಯನ್ನು ಬದಲಿಸುವುದು ಅವಿವೇಕ. ನಾಲ್ಕು ವಾರದ ಸರಾಸರಿಯನ್ನು ಹಿಂದಿನ ನಾಲ್ಕರ ಜೊತೆ ಇಟ್ಟು ನೋಡಿ.

ರ್‍ಯಾಮ್ ಡೈರಿ ಇದ್ದದ್ದು ಆ ನಾಲ್ಕು ಮಹಾನಗರಗಳಲ್ಲಿ. ಮೈಸೂರು, ಮಂಗಳೂರು, ಕಲಬುರಗಿಯ ಜಾಹೀರಾತುದಾರರು ಸ್ಟೇಷನ್‌ಗೊಂದು ಬೇರೆ ಫೋನ್ ನಂಬರ್ ಕೊಟ್ಟು ಬಂದ ಕರೆ ಎಣಿಸುವುದು ಮೇಲು. ಎರಡೂ ಕಡೆ ಜಾಹೀರಾತು ಒಂದೇ ಹೊತ್ತಿಗೆ, ಅಷ್ಟೇ ಸಲ ಹೋಗಿರಬೇಕು. ಒಂದು ಕಡೆ ಬೆಳಿಗ್ಗೆ 8ಕ್ಕೆ, ಇನ್ನೊಂದು ಕಡೆ ಮಧ್ಯಾಹ್ನ 2ಕ್ಕೆ ಹಾಕಿಸಿದರೆ ಎಣಿಸಿದ್ದು ಹೊತ್ತನ್ನೇ ಹೊರತು ಸ್ಟೇಷನ್ನನ್ನಲ್ಲ.