ಹೊಟ್ಟೆ ಸ್ಕ್ಯಾನಿಂಗ್ ಬೆನ್ನಿನ ಕತೆ ಹೇಳುವುದಿಲ್ಲ

ಅಡಿಕೆ ಕೊಯ್ಲು ಶುರುವಾಯಿತೆಂದರೆ ಮರದಿಂದ ಬಿದ್ದವರು ಶಿವಮೊಗ್ಗಕ್ಕೆ ಬರತೊಡಗುತ್ತಾರೆ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಹತ್ತಿ ಜಾರಿದವರದ್ದು ಇನ್ನೊಂದು ಸರದಿ. ತೀರ್ಥಹಳ್ಳಿಯವರಿರಲಿ, ಹೊಸನಗರದವರಿರಲಿ, ಜೊತೆಗೆ ಬಂದವರ ಪ್ರಶ್ನೆ ಮಾತ್ರ ಒಂದೇ: ‘ಸ್ಕ್ಯಾನಿಂಗ್ ನಾರ್ಮಲ್ ಅಂತ ನೀವೇ ಬರೆದಿದ್ದೀರಲ್ಲ ಡಾಕ್ಟ್ರೇ, ಮತ್ತೆ ಎಂಆರ್‌ಐ ಯಾಕೆ?’

ಹೌದು, ನಾನೇ ಬರೆದದ್ದು. ಆದರೆ ನಾನು ನೋಡಿದ್ದು ಹೊಟ್ಟೆಯನ್ನು. ಬಿದ್ದವರು ಬಂದ ಕೂಡಲೇ ಅಲ್ಟ್ರಾಸೌಂಡ್ ಮಾಡುವುದು ಒಳಗೆ ರಕ್ತ ಸೋರುತ್ತಿದೆಯಾ ಅಂತ ತಿಳಿಯಲು. ಲಿವರ್ ಮತ್ತು ಬಲ ಕಿಡ್ನಿಯ ನಡುವೆ, ಸ್ಪ್ಲೀನ್ (ಗುಲ್ಮ) ಸುತ್ತ, ಮೂತ್ರಕೋಶದ ಹಿಂದೆ, ಹೃದಯದ ಸುತ್ತ. ಅಲ್ಲಿ ಕಪ್ಪಗೆ ನೀರಿನಂಥದ್ದು ಕಂಡರೆ ಸರ್ಜನ್ ಓಡಿ ಬರಬೇಕು. ಕಾಣದಿದ್ದರೆ ಸದ್ಯಕ್ಕೆ ಸಮಾಧಾನ. ಬೆನ್ನಿನ ಬಗ್ಗೆ ಆ ರಿಪೋರ್ಟ್ ಬಾಯೇ ಬಿಟ್ಟಿಲ್ಲ.

‘ಹಾಗಾದ್ರೆ ತಿರುಗಿಸಿ ಬೆನ್ನಿಗೂ ಅದನ್ನೇ ಇಟ್ಟು ನೋಡಿ’ ಅನ್ನುತ್ತಾರೆ. ಬೆನ್ನಿಗೆ ಪೆಟ್ಟಾದವರನ್ನು ಸುಮ್ನೆ ತಿರುಗಿಸುವಂತಿಲ್ಲ. ತಿರುಗಿಸಿದರೂ ಕಾಣುವುದಿಲ್ಲ. ಅಲ್ಟ್ರಾಸೌಂಡ್ ಅಂದರೆ ಶಬ್ದದ ಅಲೆ. ಮೂಳೆ ಅದನ್ನು ಒಳಗೆ ಬಿಡುವುದಿಲ್ಲ. ದೊಡ್ಡವರ ಬೆನ್ನಿಗೆ ಪ್ರೋಬ್, ಅಂದರೆ ಸ್ಕ್ಯಾನಿಂಗಿನ ಕೈ ಸಾಧನ, ಇಟ್ಟರೆ ಚರ್ಮ, ಮಾಂಸ ಚೆನ್ನಾಗಿಯೇ ಕಾಣುತ್ತವೆ. ಆಮೇಲೆ ಬೆಳ್ಳಗೆ ಒಂದು ಗೆರೆ. ಅದು ಮೂಳೆ. ಗೆರೆಯ ಕೆಳಗೆ ಬರೀ ಕಪ್ಪು ನೆರಳು. ಬೆನ್ನುಹುರಿ ಇರುವುದು ಆ ನೆರಳಿನೊಳಗೆ. ಮೂಳೆಗಳ ಸಂದಿಯಲ್ಲಿ ಚೂರುಪಾರು ಕಾಣುವುದುಂಟು. ಅನಸ್ತೇಶಿಯಾದವರಿಗೆ ಸೂಜಿ ಹಾಕುವ ಜಾಗ ಹುಡುಕಲು ಅಷ್ಟು ಸಾಕು, ಪೆಟ್ಟು ಎಷ್ಟೆಂದು ಹೇಳಲು ಸಾಲದು. ಬೆಂಗಳೂರಿಗೆ ಹೋದರೂ ಅಷ್ಟೇ. ಮೂಳೆ ಮುರಿದಿದೆಯಾ ಅನ್ನುವುದಕ್ಕೆ ಸಿಟಿ ಸ್ಕ್ಯಾನ್, ಹುರಿ ಊದಿದೆಯಾ, ಒತ್ತಿಕೊಂಡಿದೆಯಾ ಅನ್ನುವುದಕ್ಕೆ ಎಂಆರ್‌ಐ. ಎಲ್ಲರಿಗೂ ಎರಡೂ ಬೇಕೆಂದಲ್ಲ. ಕೈಕಾಲಿನ ಶಕ್ತಿ, ಸ್ಪರ್ಶ ನೋಡಿದ ಡಾಕ್ಟರ್ ಅದನ್ನು ತೀರ್ಮಾನಿಸುತ್ತಾರೆ.

ಹಸುಗೂಸುಗಳ ವಿಷಯ ಬೇರೆ. ಅವುಗಳ ಬೆನ್ನುಮೂಳೆಯ ಹಿಂಭಾಗ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಮೊದಲ ಮೂರ್ನಾಲ್ಕು ತಿಂಗಳು ಹುರಿ ಚೆನ್ನಾಗಿ ಕಾಣುತ್ತದೆ. ಹಾಲು ಕುಡಿದು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋದ ಕೂಸಿನ ಬೆನ್ನು ನೋಡುವುದು ನನಗಂತೂ ಬಹಳ ಇಷ್ಟದ ಕೆಲಸ. ಆಪರೇಷನ್ ಥಿಯೇಟರಿನಲ್ಲೂ ಹಿಂದಿನ ಮೂಳೆ ತೆಗೆದ ಮೇಲೆ ಸಲೈನ್ ತುಂಬಿ ಪ್ರೋಬ್ ಹಿಡಿದರೆ, ಹುರಿಯ ಮೇಲಿನ ಒತ್ತಡ ಇಳಿಯಿತಾ ಅಂತ ಅಲ್ಲೇ ನೋಡಬಹುದು.

ಒಮ್ಮೆ ಒಬ್ಬ ಕೊನೆಗಾರ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವನು, ಬಂದಿದ್ದ, ಚಿಕ್ಕ ವಯಸ್ಸು. ನನ್ನ ರಿಪೋರ್ಟ್ ಕೈಗೆ ಸಿಕ್ಕಿದ್ದೇ ತಡ, ಅವನ ಅಣ್ಣ ‘ಏನೂ ಆಗಿಲ್ವಂತೆ, ಏಳೋ’ ಅಂತ ಕತ್ತಿನ ಕಾಲರ್ ಬಿಚ್ಚಿ, ಬೆನ್ನ ಹಿಂದೆ ಕೈ ಹಾಕಿ ಕೂರಿಸಲು ಹೊರಟಿದ್ದ. ನರ್ಸ್ ಕೂಗಿದ್ದು ನಮ್ಮ ರೂಮಿನವರೆಗೂ ಕೇಳಿತು. ಹುಡುಗನಿಗೆ ಪಾದ ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಅಣ್ಣನನ್ನು ಬೈಯಲು ಮನಸ್ಸಾಗಲಿಲ್ಲ, ತಮ್ಮ ಎದ್ದು ಕೂತರೆ ಸಾಕಾಗಿತ್ತು ಅವನಿಗೆ.

ಇಂಥವರಿಗೆ ಅಲ್ಟ್ರಾಸೌಂಡ್ ನಿಜವಾಗಿ ಬೇಕಾಗುವುದು ಆಮೇಲೆ, ಮನೆಗೆ ಹೋದ ಮೇಲೆ. ಆಗ ಯಾರೂ ಬರುವುದಿಲ್ಲ! ಹುರಿಗೆ ಪೆಟ್ಟಾದವರಲ್ಲಿ ಎಷ್ಟೋ ಜನರಿಗೆ ಮೂತ್ರ ಪೂರ್ತಿ ಹೋಗುವುದಿಲ್ಲ, ತುಂಬಿದ್ದೂ ಗೊತ್ತಾಗುವುದಿಲ್ಲ. ಒಳಗೇ ನಿಂತರೆ ಸೋಂಕು, ಕಲ್ಲು. ಒತ್ತಡ ಮೇಲಕ್ಕೆ ಹೋಗಿ ಕಿಡ್ನಿ ಊದಿಕೊಳ್ಳುತ್ತದೆ. ನೋವಿಲ್ಲದೆ ಕಿಡ್ನಿ ಹಾಳಾಗಬಹುದು. ಅದಕ್ಕೇ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಕಿಡ್ನಿ, ಮೂತ್ರಕೋಶ ಸ್ಕ್ಯಾನ್ ಮಾಡಿಸಿ ಅನ್ನುವುದು. ‘ಪೆಟ್ಟು ಬಿದ್ದಿದ್ದು ಬೆನ್ನಿಗೆ ಅಲ್ವಾ?’ ಅನ್ನುತ್ತಾರೆ. ಬೆನ್ನಿಗೇ. ಆದರೆ ಮೂತ್ರಕೋಶಕ್ಕೆ ಹೋಗುವ ನರಗಳೂ ಅಲ್ಲಿಂದಲೇ ಬರುತ್ತವೆ.

ಬರುವವರಿಗೆ ಒಂದು ಮಾತು. ಸ್ಕ್ಯಾನಿಂಗಿಗೆ ಮೂತ್ರ ತುಂಬಿರಬೇಕು ಅಂತ ಯಾರೋ ಹೇಳಿದರೆಂದು, ಮನೆಯಲ್ಲೇ ಮೂತ್ರದ ಪೈಪಿಗೆ ಕ್ಲಿಪ್ ಹಾಕಿಕೊಂಡು ಆಗುಂಬೆ ಕಡೆಯಿಂದ ಬಸ್ಸಿನಲ್ಲಿ ಬರಬೇಡಿ. ಎದೆಯ ಮಟ್ಟಕ್ಕೋ ಅದಕ್ಕೂ ಮೇಲೋ ಪೆಟ್ಟಾದವರಿಗೆ ಮೂತ್ರಕೋಶ ಉಬ್ಬಿದರೆ ಬಿಪಿ ಒಮ್ಮೆಲೇ ಏರಬಹುದು. ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ. ಹಾಗಾದರೆ ಮೊದಲು ಕ್ಲಿಪ್ ತೆಗೆಯಿರಿ, ಎತ್ತಿ ಕೂರಿಸಿ, ಹತ್ತಿರದ ಆಸ್ಪತ್ರೆಗೆ ನುಗ್ಗಿ. ಕ್ಲಿಪ್ ಬೇಕೋ ಬೇಡವೋ ನಮ್ಮಲ್ಲಿಗೆ ಬಂದ ಮೇಲೆ ನಾವೇ ನೋಡಿ ಹಾಕುತ್ತೇವೆ.