ದಡದಲ್ಲಿ ತೂಗಿ ನಿಂತ ಧೂಳು

ಮಂಡ್ಯದ ನಾಲೆ ಬಯಲಿನಲ್ಲಿ ಬೆಳೆದವರಿಗೆ ನೀರುಗಂಟಿ ಯಾರೆಂದು ಹೇಳಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಯಾರ ಗದ್ದೆಗೆ ಎಷ್ಟು ಹೊತ್ತು ಹರಿಯಬೇಕೆಂದು ನೋಡಿಕೊಳ್ಳುವವನು. ನಮ್ಮೂರಿನ ನೀರುಗಂಟಿ ನೀರಿನ ಓಟ ನೋಡಬೇಕಾದಾಗ ಒಂದು ಹೊಂಗೆ ಎಲೆ ಕಿತ್ತು ಹಾಕುತ್ತಿದ್ದ. ನಾನು ಕೋಲು ಅದ್ದಲು ಹೋದರೆ, “ಕೋಲಾಕುದ್ರೆ ಸುಳಿ ಬೀಳ್ತದೆ ಕಣ್ಲಾ, ಎಲೆ ಬುಡು” ಅನ್ನುತ್ತಿದ್ದ. ನಡುವೆ ಬಿಟ್ಟ ಎಲೆ ಸರ್ರನೆ ಹೋಗಿಬಿಡುತ್ತಿತ್ತು. ದಡದ ಪಕ್ಕ ಬಿಟ್ಟದ್ದು ತಡವರಿಸುತ್ತಾ, ಗಿರಗಿರ ತಿರುಗುತ್ತಾ ಅಲ್ಲೇ ಉಳಿಯುತ್ತಿತ್ತು.

ಪ್ಲಾಸ್ಮಾಕ್ಕೂ ಇಂಥದೊಂದು ದಡವಿದೆ. ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಂಡು, ಅವೂ ಉಳಿದ ಧನ ಅಯಾನುಗಳೂ ಬೆರೆತು ಓಡಾಡುವ ಸ್ಥಿತಿಗೆ ಪ್ಲಾಸ್ಮಾ ಎನ್ನುತ್ತೇವೆ. ಹೊತ್ತಿಸಿದ ಟ್ಯೂಬ್‌ಲೈಟಿನೊಳಗೆ ಇರುವುದೂ ಅದೇ. ನಡುಭಾಗದಲ್ಲಿ ಋಣ, ಧನ ಎರಡೂ ಸರಿಸಮ. ಗೋಡೆಯ ಹತ್ತಿರ ಮಾತ್ರ ಲೆಕ್ಕ ತಪ್ಪುತ್ತದೆ. ಎಲೆಕ್ಟ್ರಾನು ಆರ್ಗಾನ್ ಅಯಾನಿಗಿಂತ ಸುಮಾರು 73 ಸಾವಿರ ಪಟ್ಟು ಹಗುರ. ಅದೇ ಮೊದಲು ಓಡಿ ಗೋಡೆಗೆ ಬಡಿಯುತ್ತದೆ. ಗೋಡೆ ಋಣವಾಗುತ್ತದೆ, ಆಮೇಲೆ ಬರುವ ಎಲೆಕ್ಟ್ರಾನುಗಳನ್ನು ಹಿಂದಕ್ಕೆ ತಳ್ಳಿ ಅಯಾನುಗಳನ್ನು ಸೆಳೆಯತೊಡಗುತ್ತದೆ. ಹೀಗೆ ಗೋಡೆಗೆ ಅಂಟಿದಂತೆ, ಎಲೆಕ್ಟ್ರಾನು ವಿರಳವಾದ ಒಂದು ಪೊರೆ ಏರ್ಪಡುತ್ತದೆ. ಪರಮಾಣುಗಳಿಗೆ ಡಿಕ್ಕಿ ಹೊಡೆದು ಬೆಳಕು ಬರಿಸುವುದು ಎಲೆಕ್ಟ್ರಾನುಗಳೇ ಆದ್ದರಿಂದ ಪೊರೆ ಮಂಕಾಗಿ ಕಾಣುತ್ತದೆ. ಕಡಿಮೆ ಒತ್ತಡದ ಪ್ರಯೋಗಗಳಲ್ಲಿ ಅದರ ದಪ್ಪ ಕೆಲವು ಮಿಲಿಮೀಟರ್, ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್.

ಇಷ್ಟು ತೆಳುವಾದದ್ದಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಫೋನಿನ ಚಿಪ್ ಮೇಲೆ ನೇರವಾದ ಕಾಲುವೆಗಳನ್ನು ಕೊರೆಯುವುದು ಈ ಪೊರೆಯಲ್ಲಿ ವೇಗ ಪಡೆದು ಲಂಬವಾಗಿ ಬೀಳುವ ಅಯಾನುಗಳು. ಪೊರೆ ಗೊತ್ತಿಲ್ಲದಿದ್ದರೆ ಕೊರೆತವೂ ಗೊತ್ತಿಲ್ಲ.

ಅಳೆಯುವುದು ಹೇಗೆ ಎಂಬುದೇ ತೊಡಕು. ಪ್ಲಾಸ್ಮಾಕ್ಕೆ ಆ ಹೆಸರಿಟ್ಟ ಅರ್ವಿಂಗ್ ಲ್ಯಾಂಗ್ಮ್ಯೂರ್ 1920ರ ದಶಕದಲ್ಲೇ ಸಣ್ಣ ಲೋಹದ ತಂತಿಯನ್ನು ಒಳಗೆ ತೂರಿಸಿ ಅಳೆಯುವ ಉಪಾಯ ಕಂಡುಕೊಂಡಿದ್ದ. ನಡುಭಾಗಕ್ಕೆ ಅದು ಇಂದಿಗೂ ಒಳ್ಳೆಯ ಸಾಧನ. ಆದರೆ ತಂತಿಯೂ ಒಂದು ಗೋಡೆಯೇ ತಾನೇ? ಅದು ತನ್ನ ಸುತ್ತ ತನ್ನದೇ ಪೊರೆ ಕಟ್ಟಿಕೊಂಡು, ನೋಡಬೇಕಾದ ಪೊರೆಯನ್ನೇ ಕದಡುತ್ತದೆ. ನಾನು ನಾಲೆಗೆ ಅದ್ದಲು ಹೋದ ಕೋಲು ಇದು.

ಎಲೆ ಸಿಕ್ಕಿದ್ದು ಬೇರೆಯವರ ತಲೆನೋವಿನಿಂದ. ಚಿಪ್‌ಗಳ ಮೇಲೆ ಕೂರುವ ಧೂಳು ಕೋಣೆಯ ಗಾಳಿಯಿಂದ, ಕೆಲಸಗಾರರ ಕೈಯಿಂದ ಬರುತ್ತದೆಂದು ಎಲ್ಲರೂ ಬೈದುಕೊಳ್ಳುತ್ತಿದ್ದ ಕಾಲ. 1989ರಲ್ಲಿ ಐಬಿಎಂನ ಗ್ಯಾರಿ ಸೆಲ್ವಿನ್ ಮತ್ತು ಸಂಗಡಿಗರು ಉರಿಯುತ್ತಿದ್ದ ಪ್ಲಾಸ್ಮಾಕ್ಕೆ ಲೇಸರ್ ಹಾಯಿಸಿದಾಗ, ಒಡೆದ ಹೆಂಚಿನ ಸಂದಿಯ ಬಿಸಿಲುಕೋಲಿನಲ್ಲಿ ಧೂಳು ಕಾಣುವಂತೆ, ಕಣಗಳು ಪ್ಲಾಸ್ಮಾದ ಅಂಚಿನಲ್ಲೇ ಮೋಡ ಕಟ್ಟಿ ತೇಲುತ್ತಿದ್ದುದು ಕಂಡಿತು. ಧೂಳು ಹುಟ್ಟುತ್ತಿದ್ದುದು ಪ್ಲಾಸ್ಮಾದೊಳಗೇ. ಸ್ವಿಚ್ ಆರಿಸಿದೊಡನೆ ಅಷ್ಟೂ ಕೆಳಗೆ ಬೀಳುತ್ತಿತ್ತು.

ತೇಲುತ್ತಿದ್ದುದೇಕೆ? ಕಣವೂ ಎಲೆಕ್ಟ್ರಾನು ಹೀರಿ ಋಣವಾಗುತ್ತದೆ. ಪ್ಲಾಸ್ಮಾದ ತಳಕ್ಕಿರುವ ಲೋಹದ ತಟ್ಟೆಯೂ ಗೋಡೆಯಂತೆಯೇ ಋಣ. ಭೂಮಿ ಕೆಳಗೆ ಎಳೆದರೆ ಪೊರೆಯ ವಿದ್ಯುತ್ ಕ್ಷೇತ್ರ ಮೇಲಕ್ಕೆ ನೂಕುತ್ತದೆ. ಬೆಲ್ಲದ ಮಂಡಿಯ ತಕ್ಕಡಿ ನೆನೆಸಿಕೊಳ್ಳಿ: ಒಂದು ಕಡೆ ತೂಕದ ಕಲ್ಲು, ಇನ್ನೊಂದು ಕಡೆ ಬೆಲ್ಲ. ಇಲ್ಲಿ ಕಲ್ಲು ಎಂದರೆ ಕಣದ ಸ್ವಂತ ತೂಕ, ಅದು ನಮಗೆ ಮೊದಲೇ ಗೊತ್ತು. ಪ್ರಯೋಗಕ್ಕೆ ಬಳಸುವುದು ಒಂದೇ ಅಳತೆಯ ಪ್ಲಾಸ್ಟಿಕ್ ಗುಂಡುಗಳನ್ನು. ಹೋಟೆಲಿನ ಮೇಜಿನ ಮೇಲಿನ ಉಪ್ಪಿನ ಡಬ್ಬಿಯಂಥದೊಂದನ್ನು ಅಲ್ಲಾಡಿಸಿ ಉದುರಿಸುತ್ತಾರೆ. 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ, ಅಡ್ಡಳತೆಯ ಗುಂಡಿನ ಮೇಲೆ ಸುಮಾರು ಹತ್ತು ಸಾವಿರ ಎಲೆಕ್ಟ್ರಾನು ಕೂತರೆ, ಅದು ಮಿಲಿಮೀಟರಿಗೆ 5 ವೋಲ್ಟ್‌ನಷ್ಟು ಕ್ಷೇತ್ರವಿರುವ ಎತ್ತರದಲ್ಲಿ ತೂಗಿ ನಿಲ್ಲುತ್ತದೆ. ಹಸಿರು ಲೇಸರಿನಲ್ಲಿ ಕ್ಯಾಮೆರಾಕ್ಕೆ ಅದು ಅಲುಗದ ಒಂದು ಚುಕ್ಕೆ.

ಒಂದು ಕಿರಿಕಿರಿ ಇದೆ. ತಕ್ಕಡಿ ಹೇಳುವುದು ವಿದ್ಯುದಾವೇಶ ಮತ್ತು ಕ್ಷೇತ್ರ ಎರಡರ ಗುಣಲಬ್ಧವನ್ನು ಮಾತ್ರ, ಬಿಡಿಬಿಡಿಯಾಗಿ ಅಲ್ಲ. ಅದಕ್ಕೇ ತಟ್ಟೆಯ ವೋಲ್ಟೇಜನ್ನು ಮೆಲ್ಲಗೆ ಅಲುಗಿಸಿ ಕಣಕ್ಕೆ ಉಯ್ಯಾಲೆ ತೂಗುತ್ತಾರೆ. ಸೆಕೆಂಡಿಗೆ ಹತ್ತಾರು ಸಲದ ಒಂದು ಲಯದಲ್ಲಿ ಚುಕ್ಕೆ ಇದ್ದಕ್ಕಿದ್ದಂತೆ ಜೋರಾಗಿ ಕುಣಿಯುತ್ತದೆ. ಎತ್ತರ ಬದಲಾದಂತೆ ಆ ನೂಕು ಎಷ್ಟು ಕಡಿದಾಗಿ ಬದಲಾಗುತ್ತದೆಂಬುದು ಆ ಲಯದಿಂದ ಸಿಗುತ್ತದೆ. ಗುಂಡಿನ ಗಾತ್ರ ಬದಲಿಸುವುದು ಇನ್ನೊಂದು ದಾರಿ. ಅಡ್ಡಳತೆ ಎರಡರಷ್ಟಾದರೆ ತೂಕ ಎಂಟರಷ್ಟು, ಆವೇಶ ಮಾತ್ರ ಸುಮಾರು ಎರಡರಷ್ಟು. ಹಾಗಾಗಿ ನಾಲ್ಕರಷ್ಟು ಕ್ಷೇತ್ರ ಬೇಕು, ದೊಡ್ಡ ಗುಂಡು ಆಳಕ್ಕೆ ಇಳಿಯುತ್ತದೆ. ನನಗೆ ತುಂಬಾ ಹಿಡಿಸಿದ್ದು ನೆದರ್ಲೆಂಡ್ಸ್‌ನ ಐಂಡ್ಹೋವನ್ ವಿಜ್ಞಾನಿಗಳ ಕಿತಾಪತಿ. 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ಇಡೀ ಪ್ಲಾಸ್ಮಾ ಪೆಟ್ಟಿಗೆಯನ್ನೇ ಗರಗರ ತಿರುಗಿಸಿ ಗುಂಡಿನ ತೂಕ ಹೆಚ್ಚಿಸಿದರು. ಗುಂಡು ಅದೇ, ತಿರುಗಾಟ ಜೋರಾದಷ್ಟೂ ಪೊರೆಯೊಳಗೆ ಕೆಳಕೆಳಗೆ ಇಳಿಯಿತು.

ಎಲೆ ಒಂದೆರಡಾದರೆ ಸರಿ, ಬುಟ್ಟಿಗಟ್ಟಲೆ ಸುರಿದರೆ ತೂಬೇ ಕಟ್ಟಿಕೊಳ್ಳುತ್ತದೆ. ಧೂಳು ಹೆಚ್ಚಾದರೂ ಹಾಗೇ: ಎಲೆಕ್ಟ್ರಾನುಗಳನ್ನೆಲ್ಲ ಕುಡಿದು ಪ್ಲಾಸ್ಮಾವನ್ನೇ ಬದಲಿಸುತ್ತದೆ. ಕಣಗಳು ಒಂದನ್ನೊಂದು ತಳ್ಳಿ ಜೇನುಗೂಡಿನ ಮಾದರಿಯಲ್ಲಿ ಸಾಲುಗಟ್ಟುವುದೂ ಉಂಟು. 1994ರಲ್ಲಿ ಜರ್ಮನಿ, ತೈವಾನ್, ಜಪಾನ್ ಮೂರೂ ಕಡೆ ಕಂಡ ‘ಪ್ಲಾಸ್ಮಾ ಸ್ಫಟಿಕ’ ಇದೇ. ಅದರ ಕತೆ ಬೇರೆ. ಪೊರೆ ಅಳೆಯುವವರು ಬೆರಳೆಣಿಕೆಯ ಕಣಗಳಲ್ಲೇ ಕೆಲಸ ಮುಗಿಸುತ್ತಾರೆ, ಅದೂ ಸ್ವಲ್ಪ ಬೇಗ. ಪ್ಲಾಸ್ಮಾದಲ್ಲಿ ಹೊತ್ತು ಕಳೆದಂತೆ ಪ್ಲಾಸ್ಟಿಕ್ ಗುಂಡು ಸವೆದು ಹಗುರಾಗುತ್ತದೆ, ಚುಕ್ಕೆ ಕೂದಲೆಳೆ ಕೂದಲೆಳೆಯಷ್ಟೇ ಮೇಲೇರುತ್ತದೆ. ತೂಕದ ಕಲ್ಲೇ ಸವೆಯುತ್ತಿದೆ ಎಂದು ಗೊತ್ತಾಗುವುದು ಆಗಲೇ.