ಈರುಳ್ಳಿ ಎಲೆ ಮುರಿಯುವ ನಿಯಮ

ಮುಂಗಾರಿನಲ್ಲಿ ಚಿತ್ರದುರ್ಗದಿಂದ ಚಳ್ಳಕೆರೆ ಕಡೆಗೆ ಹೊರಟರೆ ಮೆಕ್ಕೆಜೋಳ, ಈರುಳ್ಳಿ, ಶೇಂಗಾ ಹೊಲಗಳು ಒಂದರ ಬೆನ್ನಿಗೊಂದು ಸಿಗುತ್ತವೆ. ಮೂರಕ್ಕೂ ಅದೇ ಬಿಸಿಲು, ಅದೇ ನೆಚ್ಚಲಾಗದ ಮಳೆ. ಎಲೆಯಲ್ಲಿರುವ ಪತ್ರರಂಧ್ರಗಳು ಮಾತ್ರ ಮೂರರಲ್ಲೂ ಬೇರೆ ಬೇರೆ.

ಇಂಗಾಲದ ಡೈಆಕ್ಸೈಡ್ ಬೇಕೆಂದರೆ ಗಿಡ ಈ ರಂಧ್ರ ತೆರೆಯಲೇಬೇಕು. ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಬಾಗಿಲು ಕಾಯುವುದು ಎರಡು ಕಾವಲುಕೋಶಗಳು. ಅವು ಪೊಟ್ಯಾಸಿಯಂ ಒಳಗೆಳೆದುಕೊಂಡರೆ ಅದರ ಹಿಂದೆಯೇ ನೀರು ನುಗ್ಗುತ್ತದೆ. ಆಗ ಕೋಶಗಳು ಉಬ್ಬಿ ನಡುವೆ ಸಂದಿ ಬಿಡುತ್ತದೆ.

ಶೇಂಗಾ ಎಲೆಯ ಎರಡೂ ಬದಿಯಲ್ಲಿ ರಂಧ್ರಗಳುಂಟು, ಆದರೆ ಸಾಲಿಲ್ಲ, ದಿಕ್ಕಿಲ್ಲ, ರಾಗಿ ಚೆಲ್ಲಿದ ಹಾಗೆ. ಕಾವಲುಕೋಶದ್ದು ಹುರುಳಿಕಾಯಿ ಬೀಜದ ಆಕಾರ. ಇದು ದ್ವಿದಳ ಸಸ್ಯಗಳ ಸಾಮಾನ್ಯ ರೂಪ. ಮಾವಿನಂಥ ಮರಗಳಲ್ಲಿ ರಂಧ್ರಗಳಿರುವುದು ಎಲೆಯ ಕೆಳಬದಿಯಲ್ಲಿ ಮಾತ್ರ.

ಮೆಕ್ಕೆಜೋಳದಲ್ಲಿ ಅವು ಬಿತ್ತನೆ ಸಾಲಿನಂತೆ ಎಲೆಯುದ್ದಕ್ಕೂ ನೆಟ್ಟಗೆ ಸಾಗುತ್ತವೆ. ಕಾವಲುಕೋಶ ಗರಡಿಮನೆಯ ಡಂಬೆಲ್ ಥರ, ನಡು ಸಣ್ಣ, ತುದಿಗಳು ಗುಂಡು. ತುದಿ ಉಬ್ಬಿದರೆ ನಡುವಿನ ಕಡ್ಡಿಗಳು ದೂರ ಸರಿಯುತ್ತವೆ. ಸ್ವಲ್ಪ ಉಬ್ಬಿದರೂ ದೊಡ್ಡ ಸಂದಿ! ಇಕ್ಕೆಲದಲ್ಲಿ ಒಂದೊಂದು ಸಹಾಯಕ ಕೋಶವೂ ಇದೆ. ಕಾವಲುಕೋಶ ಉಬ್ಬುವಾಗ ಅದು ಕುಗ್ಗಿ ಜಾಗ ಬಿಡುತ್ತದೆ. 2017ರಲ್ಲಿ ಬ್ರಾಕಿಪೋಡಿಯಂ ಎಂಬ ಪುಟ್ಟ ಹುಲ್ಲಿನಲ್ಲಿ ಒಂದು ಜೀನ್ ಕೆಟ್ಟು ಈ ಸಹಾಯಕ ಕೋಶಗಳೇ ಹುಟ್ಟದಂತಾದಾಗ, ರಂಧ್ರಗಳು ಅಗಲವಾಗಿ ತೆರೆಯಲೂ ಇಲ್ಲ, ಚುರುಕಾಗಿ ಸ್ಪಂದಿಸಲೂ ಇಲ್ಲ. ಮೋಡ ಬಂದು ಹೋಗುವ ಹಗಲಿನಲ್ಲಿ ಆ ಚುರುಕೇ ನೀರಿನ ಉಳಿತಾಯ.

ಏಕದಳಕ್ಕೆ ಡಂಬೆಲ್, ದ್ವಿದಳಕ್ಕೆ ಹುರುಳಿಕಾಯಿ ಬೀಜ ಎಂದು ಎಷ್ಟೋ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಈ ಪಾಠವನ್ನು ತಿದ್ದಲೇಬೇಕು ಅನ್ನುವುದು ನನ್ನ ಹಟ. ಯಾಕೆಂದರೆ ಈರುಳ್ಳಿ ಏಕದಳವೇ. ಅದರ ರಂಧ್ರಗಳೂ ಎಲೆಯುದ್ದಕ್ಕೆ ಸಾಲುಗಟ್ಟಿವೆ. ಕಾವಲುಕೋಶ ಮಾತ್ರ ಹುರುಳಿಕಾಯಿ ಬೀಜದಂತೆಯೇ ಇದೆ, ಪಕ್ಕದಲ್ಲಿ ಸಹಾಯಕ ಕೋಶವೂ ಇಲ್ಲ. ಡಂಬೆಲ್ ಆಕಾರ ಮುಖ್ಯವಾಗಿ ಹುಲ್ಲಿನ ಕುಟುಂಬದ್ದು. ಜೋಳ, ರಾಗಿ, ಭತ್ತ ಎಲ್ಲ ಅದರವೇ. ಹೊಲದ ಕಳೆಯಾದ ಜೇಕಿನ ಬಳಗದಲ್ಲೂ ಅದು ಕಾಣುತ್ತದೆ.

ನೋಡಲು ಕಷ್ಟವಿಲ್ಲ. ಎಲೆಗೆ ಬಣ್ಣವಿಲ್ಲದ ಉಗುರುಬಣ್ಣ ತೆಳ್ಳಗೆ ಬಳಿಯಿರಿ. ಒಣಗಿದ ಮೇಲೆ ಪಾರದರ್ಶಕ ಟೇಪ್ ಅಂಟಿಸಿ ಮೆಲ್ಲಗೆ ಕೀಳಿ, ಗಾಜಿನ ಪಟ್ಟಿಗೆ ಹಚ್ಚಿ ಶಾಲೆಯ ಸೂಕ್ಷ್ಮದರ್ಶಕದಲ್ಲಿ 400 ಪಟ್ಟು ಹಿಗ್ಗಿಸಿ ನೋಡಿ. ಮೊದಲು ಮೆಕ್ಕೆಜೋಳದ್ದು, ಆಮೇಲೆ ಈರುಳ್ಳಿಯದು.